ಯಾರೂ ಆಡದ ನಳದ ಆಟ

ವಿಡಿಯೋ ಗೇಮ್ ಅಂಗಡಿ ಇಟ್ಟವನು ನಗಲಿಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಬಾಗಿಲು ತೆಗೆದು ಕೂತರೆ ಸಾಕು, ನಗೆ ತಾನೇ ಒಳಗೆ ಬರುತ್ತದೆ. ಎಷ್ಟೋ ಸಲ ನಗೆಪಾಟಲಾದವನು ನಾನೇ, ಅದು ಬೇರೆ ಮಾತು. ತೊಂಬತ್ತರ ದಶಕದಲ್ಲಿ ಕಲಬುರಗಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ ಇತ್ತು. ಕಪಾಟಿನಷ್ಟು ಎತ್ತರದ ಮೂರು ಮಷೀನು, ಗಲ್ಲಾಪೆಟ್ಟಿಗೆಯ ಹಿಂದೆ ನಾನು, ನನ್ನ ಬೆನ್ನ ಹಿಂದೆ ನಮ್ಮವ್ವನ ಚಿಂತೆ. ಚಿಂತೆ ಒಂದೇ: ಆಟದ ಅಂಗಡಿಯವನಿಗೆ ಹೆಣ್ಣು ಯಾರು ಕೊಡುತ್ತಾರೆ?

ಪುಕ್ಕಟೆ ಬಂದದ್ದು

ಹೈದರಾಬಾದಿನಿಂದ ನಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು ಎರಡೇ ಮಷೀನು. ಒಂದರಲ್ಲಿ ಹೊಡೆದಾಟ, ಇನ್ನೊಂದರಲ್ಲಿ ಕಾರ್ ರೇಸು. ಮೂರನೆಯದನ್ನು ಮಾರುವವನೇ ಗಾಡಿಗೆ ಹೇರಿಬಿಟ್ಟ. "ಇದನ್ನೂ ಒಯ್ರಿ ಭಾಯಿ, ಪುಕ್ಕಟೆ. ಯಾರೂ ಆಡಂಗಿಲ್ಲ, ಅದಕ್ಕ ಖರಾಬೂ ಆಗಂಗಿಲ್ಲ," ಅಂದ.

ಅದು ನಳದ ಆಟ. ಪರದೆಯ ಒಂದು ತುದಿಗೆ ಬಾವಿ, ಇನ್ನೊಂದು ತುದಿಗೆ ಒಣಗಿದ ಹೊಲ. ನಡುವೆ ಚೆಲ್ಲಾಪಿಲ್ಲಿ ಬಿದ್ದ ಪೈಪಿನ ತುಂಡುಗಳನ್ನು ಗುಂಡಿ ಒತ್ತಿ ತಿರುಗಿಸುತ್ತ ಜೋಡಿಸಬೇಕು. ಸ್ವಲ್ಪ ಹೊತ್ತಿಗೆ ಬಾವಿಯಿಂದ ನೀರು ಹೊರಡುತ್ತದೆ. ಪೈಪು ಕೂಡಿದ್ದರೆ ಹೊಲ ಹಸಿರಾಗುತ್ತದೆ, ಇಲ್ಲದಿದ್ದರೆ ನೀರೆಲ್ಲ ಚೆಲ್ಲಿಹೋಗಿ ಪರದೆಯ ಮೇಲಿನ ರೈತ ತಲೆ ಮೇಲೆ ಕೈ ಹೊತ್ತು ಕೂಡುತ್ತಾನೆ. ಯಾರೂ ಸಾಯುವುದಿಲ್ಲ, ಯಾರಿಗೂ ಒದೆ ಬೀಳುವುದಿಲ್ಲ, ಆದರೂ ಎದೆ ಡವಡವ ಅನ್ನುತ್ತದೆ. ನನಗೆ ಅದರ ಮೇಲೆ ಜೀವ.

ನಮ್ಮವ್ವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಆ ಡಬ್ಬಿ ತೆಗದು ಅಲ್ಲಿ ಜೆರಾಕ್ಸ್ ಮಷೀನ್ ಇಡು. ಜೆರಾಕ್ಸ್ ಅಂದ್ರ ಮಂದಿ ಮರ್ಯಾದಿ ಕೊಡ್ತಾರ, ಹೆಣ್ಣೂ ಕೊಡ್ತಾರ," ಅನ್ನುತ್ತಿದ್ದಳು.

ನಾನು ಬಂದವರಿಗೆಲ್ಲ ಒಮ್ಮೆ ಆಡಿ ನೋಡ್ರಿ ಎಂದು ಗೋಗರೆಯುತ್ತಿದ್ದೆ. ಒಬ್ಬ ಕಾಲೇಜು ಹುಡುಗ ನಿಂತು ನೋಡಿ, "ಗೆದ್ರ ಏನು ಸಿಗ್ತದರೀ?" ಅಂದ.

"ನೀರು," ಅಂದೆ.

"ನೀರಿಗೆ ನಮ್ಮ ಓಣ್ಯಾಗ ದಿನಾ ಪುಕ್ಕಟೆ ಹೊಡೆದಾಟ ನಡೀತದ. ಇಲ್ಲಿ ಬಂದು ರೊಕ್ಕ ಯಾಕ ಕೊಡ್ಲಿ?" ಎಂದು ಹೊಡೆದಾಟದ ಮಷೀನಿನ ಕಡೆಗೆ ಹೋದ.

ಗಾಡಿ ಖಾಲಿ ಅದ

ಕಮಲಾಪುರ, ಮಹಾಗಾಂವ ಕಡೆ ಟೆಂಪೋ ಓಡಿಸುವ ಡ್ರೈವರೊಬ್ಬ ಮಧ್ಯಾಹ್ನದ ಹೊತ್ತು ಬರುತ್ತಿದ್ದ. ಮೊದಲ ದಿನ ಕಾರ್ ರೇಸಿನ ಸ್ಟೇರಿಂಗ್ ಹಿಡಿದವನೇ, "ಹಾರ್ನ್ ಎಲ್ಲದರೀ?" ಅಂದ.

"ಹಾರ್ನ್ ಇಲ್ರಿ, ಬರೇ ಓಡಸೋದು."

"ಹಾರ್ನ್ ಇಲ್ದ ಗಾಡಿ ಹೆಂಗ ಓಡಸ್ತಾರ್ರೀ!" ಎಂದು ಗೊಣಗುತ್ತಲೇ ಹೊರಟ. ಓಡಿಸುವುದರಲ್ಲಿ ಗಟ್ಟಿಗ, ಎಲ್ಲರನ್ನೂ ಹಿಂದೆ ಹಾಕಿದ. ನಾನು ಚಪ್ಪಾಳೆ ತಟ್ಟಬೇಕು ಅನ್ನುವಷ್ಟರಲ್ಲಿ ರಸ್ತೆ ಬದಿಗೆ ತಂದು ಬ್ರೇಕ್ ಹಾಕಿಬಿಟ್ಟ. ಹಿಂದಿದ್ದ ಕಾರುಗಳೆಲ್ಲ ಸುಯ್ಯೆಂದು ಮುಂದೆ ಹೋದವು.

"ಯಾಕ್ರಿ ನಿಲ್ಲಸಿದ್ರಿ? ಎಲ್ಲಾರೂ ಹೋದ್ರಲ್ರಿ!"

ಅವನು ಪರದೆಯ ಅಂಚಿನಲ್ಲಿ ಕುಣಿಯುತ್ತಿದ್ದ ಪ್ರೇಕ್ಷಕರನ್ನು ತೋರಿಸಿದ. "ಹೋಗ್ಲಿ ಬಿಡ್ರಿ. ಇಷ್ಟು ಮಂದಿ ಕೈ ಮಾಡ್ಲಾಕತ್ತಾರ, ನಮ್ಮ ಗಾಡಿ ಖಾಲಿ ಅದ."

ಎದುರುಮನೆ ಸೊಸೆ

ನಮ್ಮ ಗಲ್ಲಿಯಲ್ಲಿ "ನಳ ಬಂದಾವ!" ಎಂದು ಒಬ್ಬರು ಕೂಗಿದರೆ ಸಾಕು, ಹೊಡೆದಾಟ, ರೇಸು ಎಲ್ಲ ಅಲ್ಲೇ ಬಿಟ್ಟು ಗಿರಾಕಿಗಳು ಕೊಡ ಹುಡುಕಿಕೊಂಡು ಓಡುತ್ತಿದ್ದರು. ಒಂದು ದಿನ ಎದುರುಮನೆ ಸೊಸೆ ಕೊಡ ಹಿಡಿದು ನಳಕ್ಕೆ ಹೋಗುವವಳು, ದಾರಿಯಲ್ಲಿ ನನ್ನ ಅಂಗಡಿಗೆ ನುಗ್ಗಿ ಗದ್ದಲ ಕಡಿಮೆ ಮಾಡಲು ಹೇಳಿದಳು. ಬೈಯುತ್ತ ಬೈಯುತ್ತ ಕಣ್ಣು ನಳದ ಆಟದ ಮೇಲೆ ಬಿತ್ತು. "ಇದೇನಿದು?" ಅಂದಳು. ತೋರಿಸಿದೆ. ಕೊಡ ಕೆಳಗಿಟ್ಟಳು.

ಹೊರಗೆ ನಳಕ್ಕೆ ನೀರು ಬಂತು, ಹೋಯಿತು. ಅವಳು ಅಲ್ಲಾಡಲಿಲ್ಲ. ಕಡೆಗೆ ಅತ್ತೆಯೇ ಹುಡುಕಿಕೊಂಡು ಬಂದಳು. "ನೀರು ತರ್ತೀನಂತ ಬಂದಾಕಿ, ಎಲ್ಲದ ನೀರು?"

ಸೊಸೆ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ಹೊಲಕ್ಕ ಬಿಟ್ಟೀನ್ರಿ ಅತ್ತಿ."

ಕೆಂಪು ಬಾಳೆಹಣ್ಣಿನ ಗಿರಾಕಿ

ಟೆಂಪೋ ಡ್ರೈವರು ನನ್ನ ನಳದ ಆಟದ ಸುದ್ದಿಯನ್ನೂ, ನನಗೆ ಹೆಣ್ಣು ಸಿಗದ ಸುದ್ದಿಯನ್ನೂ ದಾರಿಯುದ್ದಕ್ಕೂ ಹಂಚಿದ್ದನಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ಒಂದು ದಿನ ಧೋತರ ಉಟ್ಟ ಹಿರಿಯರೊಬ್ಬರು ಚೀಲದ ತುಂಬ ಕೆಂಪು ಬಾಳೆಹಣ್ಣು ಹಿಡಿದು ಬಂದರು. ಹಣ್ಣು ನೋಡಿದರೇ ಕಮಲಾಪುರದವರು ಎಂದು ತಿಳಿಯುತ್ತಿತ್ತು. ಮನೆಯಲ್ಲಿ ಯಾರ್ಯಾರು, ಚಟಗಿಟ ಏನಾದರೂ ಉಂಟೋ ಎಂದೆಲ್ಲ ವಿಚಾರಿಸಿದರು. ಮಾತುಗಾರ ಮನುಷ್ಯ ಅಂದುಕೊಂಡು ನಾನು ಅವರನ್ನು ನಳದ ಆಟದ ಮುಂದೆ ನಿಲ್ಲಿಸಿದೆ.

ಮೊದಲ ಸಲ ನೀರೆಲ್ಲ ಚೆಲ್ಲಿದರು. ನನಗೆ ತಡೆಯಲಿಲ್ಲ. "ಕಾಕಾ, ಹಿಂಗ ನೀರು ಬಿಟ್ರ ಹೊಲ ಮಾಡ್ದಂಗೇ!"

"ಹುಟ್ಟಿದಾಗಿಂದ ಬಾಳಿತೋಟ ಮಾಡೀನಿ ತಮ್ಮಾ," ಅಂದರು ಮೆಲ್ಲಗೆ.

"ಅದಕ್ಕೇ ಹೇಳ್ಲಾಕತ್ತೀನ್ರಿ, ಇದು ತೋಟ ಅಲ್ಲ!"

ಹಟ ಹುಟ್ಟಿತು. ಪೇಟೆಗೆ ಬಂದಾಗಲೆಲ್ಲ ಬಂದರು. ಕೊನೆಯ ಹಂತಕ್ಕೆ ಬಂದು ಸಿಕ್ಕಿಹಾಕಿಕೊಂಡರು. ಅಲ್ಲಿ ನಡುವೆ ಒಂದು ಗುಡ್ಡ. ಅದನ್ನು ಬಳಸುವಷ್ಟರಲ್ಲಿ ನೀರು ನಮ್ಮನ್ನು ಹಿಡಿದುಬಿಡುತ್ತಿತ್ತು. ಖರೆ ಹೇಳಬೇಕೆಂದರೆ ನಾನೂ ಅದನ್ನು ದಾಟಿರಲಿಲ್ಲ. ಒಂದು ಸಂಜೆ ಅವರು ಸುಸ್ತಾಗಿ ಕೂತು, "ನಾ ಖರೆ ಅಂದ್ರ ಮಗಳಿಗೆ ವರ ನೋಡ್ಲಾಕ ಬಂದಿದ್ದೆ ತಮ್ಮಾ," ಅಂದರು.

"ಹೌದೇನ್ರಿ! ಸಿಕ್ಕನೇನು?"

"ವರ ನೋಡ್ಲಾಕ ಈ ಮಷೀನು ಪುರಸೊತ್ತು ಎಲ್ಲಿ ಕೊಟ್ಟದ? ಐತಾರ ನಿಮ್ಮವ್ವನ್ನ ಕರ್ಕೊಂಡು ನೀನೇ ಬಂದುಬಿಡು."

ಹೆಣ್ಣು ನೋಡಿದ್ದು

ಕಮಲಾಪುರದ ದಾರಿಯುದ್ದಕ್ಕೂ ಅವ್ವ ತಾಕೀತು ಮಾಡಿದಳು, ಅಲ್ಲಿ ಆಟದ ಸುದ್ದಿ ಎತ್ತಬಾರದು. ಹೋಗಿ ಕೂತ ಕೂಡಲೇ ತಾನೇ ಎತ್ತಿದಳು. "ಆ ನಳದ ಡಬ್ಬಿ ತೆಗಸಿ ಜೆರಾಕ್ಸ್ ಹಾಕಸ್ತೀನ್ರಿ, ನೀವು ಚಿಂತಿ ಮಾಡಬ್ಯಾಡ್ರಿ."

ಹಿರಿಯರು ಚಹಾದ ಕಪ್ಪು ಕೆಳಗಿಟ್ಟರು. "ಆ ಮಷೀನ್ ತೆಗದ್ರ ನಾವು ಹೆಣ್ಣು ಕೊಡಂಗಿಲ್ರಿ."

ಹಿರಿಯರು ನನ್ನ ಕಡೆ ಸರಿದು ಕೂತರು. ಚಹಾದ ಕಪ್ಪು ಬಾವಿಯಾಯಿತು, ಲಾಡು ಗುಡ್ಡವಾಯಿತು, ತಟ್ಟೆಯ ಶೇಂಗಾಕಾಳು ಪೈಪಾದವು. ಇಬ್ಬರೂ ಬಗ್ಗಿ ಕೂತು ಜೋಡಿಸುತ್ತ, ಕೆಡಿಸುತ್ತ ಇದ್ದೆವು. ಹುಡುಗಿ ಬಂದು ಮುಂದೆ ನಿಂತಿದ್ದಾಳೆ, ನೋಡುವವರಿಲ್ಲ.

ಅವಳು ಸ್ವಲ್ಪ ಹೊತ್ತು ನೋಡಿದಳು. "ಯಪ್ಪಾ, ಬಾವಿ ಕಡಿಂದ ಯಾಕ ಜೋಡಸ್ತಿ? ಹೊಲದಾಗ ಪೈಪು ಹೋಗೋದು ಒಂದೇ ಕಡೆ. ಅಲ್ಲಿಂದ ಹಿಂದಕ್ಕ ಬಾ. ನೀರು ಬರೋದ್ರಾಗ ಮುಗೀತದ."

ನಾವಿಬ್ಬರೂ ಮುಖ ಮುಖ ನೋಡಿಕೊಂಡು ಎದ್ದೆವು. ನಾವು ಬಂದಿದ್ದ ಆ ಡ್ರೈವರನ ಟೆಂಪೋ ಹೊರಗೇ ಇತ್ತು. "ಅಯ್ಯ, ಹುಡುಗಿ ಪಸಂದ್ ಆದಳೋ ಇಲ್ಲೋ ಹೇಳಿ ಹೋಗೋ!" ಎಂದು ಅವ್ವ ಬಾಗಿಲಿನಿಂದ ಕೂಗಿದಳು. "ಬಂದು ಹೇಳ್ತೀನಬೇ," ಅಂದೆ. ಅವತ್ತು ಕಲಬುರಗಿ ತನಕ ಎಷ್ಟು ಮಂದಿ ಕೈ ಮಾಡಿದರೂ ಡ್ರೈವರು ಗಾಡಿ ನಿಲ್ಲಿಸಲಿಲ್ಲ.

ಹೊಲದ ಕಡೆಯಿಂದ ಶುರು ಮಾಡಿದೆವು. ನೀರು ಗುಡ್ಡ ಬಳಸಿತು, ಹೊಲ ಹಸಿರಾಯಿತು. ಯಾವಾಗಲೂ ತಲೆ ಮೇಲೆ ಕೈ ಹೊತ್ತು ಕೂಡುತ್ತಿದ್ದ ರೈತ ಎದ್ದು ಕುಣಿದ. ಹಿರಿಯರು ನನ್ನನ್ನು ತಬ್ಬಿಕೊಂಡರು. ನನಗೆ ಕಣ್ಣು ತುಂಬಿ ಬಂತು.

ಸಂಜೆಗೆ ಕಮಲಾಪುರಕ್ಕೆ ಮರಳಿದಾಗ ಅವ್ವ ಒಂದೇ ಪ್ರಶ್ನೆ ಕೇಳಿದಳು. "ಹುಡುಗಿ ಹೆಂಗದಾಳ?" ಅವಳ ಮಾತು ಕೇಳಿದ್ದೆ, ಮುಖ ನೋಡಿಯೇ ಇರಲಿಲ್ಲ. ಇನ್ನೊಮ್ಮೆ ಕರೆಯಿರಿ ಎಂದು ನಾಚಿಕೊಂಡು ಹೇಳಿದೆ.

ಒಳಗಿನಿಂದ ಅವಳ ದನಿಯೇ ಬಂತು: "ಅವರು ನೋಡೋದು ಮುಗೀತು. ಇನ್ನ ನಾ ಮಷೀನ್ ನೋಡ್ಲಾಕ ಬರ್ತೀನಿ."

ಮುಂದಿನ ಐತಾರ ತಂದೆಯ ಜೊತೆ ಬಂದಳು. ಬಾಗಿಲಲ್ಲಿ ನಮ್ಮವ್ವ, ಗಲ್ಲಾಪೆಟ್ಟಿಗೆಯ ಹಿಂದೆ ನಾನು. ನಳದ ಆಟ ಪೂರ್ತಿ ಆಡಿ ಮುಗಿಸಿದಳು. ಅಂಗಡಿಯನ್ನೊಮ್ಮೆ ಸುತ್ತ ನೋಡಿ ನಮ್ಮವ್ವನಿಗೆ ಹೇಳಿದಳು:

"ಹುಡುಗ ನಡೀತಾನ್ರಿ. ಈ ಮಷೀನೂ ಇರ್ಲಿ. ಆ ಹೊಡೆದಾಟದ್ದು ತೆಗದು ಜೆರಾಕ್ಸ್ ಹಾಕಸ್ರಿ. ಹೊಡೆದಾಟಕ್ಕ ಇನ್ನ ನಾ ಬರ್ತೀನಲ್ಲ."