ಕಡಲ್ಗಳ್ಳರಿಗೊಂದು ಅರ್ಜಿ

ಸಿಟ್ಟು ಬಂದಾಗ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ನನ್ನ ಅತ್ತೆ ಪಾತ್ರೆ ಕುಕ್ಕುತ್ತಿದ್ದರು. ಪಕ್ಕದ ಮನೆಯ ಸುಶೀಲಕ್ಕ ಊಟ ಬಿಡುತ್ತಾರೆ, ಅದೂ ಸಾರು ಚೆನ್ನಾಗಿಲ್ಲದ ದಿನ. ನಾನು ಅರ್ಜಿ ಬರೆಯುತ್ತೇನೆ. ಓಣಿಯ ದೀಪ ಉರಿಯದಿದ್ದರೆ ಅರ್ಜಿ, ಬಸ್ಸು ನಮ್ಮೂರು ಕೋಡಿಯ ತಿರುವಿನಲ್ಲಿ ನಿಲ್ಲದೆ ಹೋದರೆ ಅರ್ಜಿ. ಮದುವೆಯಾದ ಹೊಸತರಲ್ಲಿ ಗಂಡನಿಗೂ ಒಂದು ಬರೆದಿದ್ದೆ. ವಿಷಯ: ತಿಂಗಳಿಗೆ ಒಂದು ಭಾನುವಾರವಾದರೂ ಮನೆಯಲ್ಲಿರುವ ಬಗ್ಗೆ. ಅವರು ಅದನ್ನು ಮಡಚಿ ಬೋಟಿನ ವಾಯರ್‌ಲೆಸ್ ಪೆಟ್ಟಿಗೆಯ ಅಡಿಯಲ್ಲಿ ಇಟ್ಟುಕೊಂಡಿದ್ದರಂತೆ. ಉತ್ತರ ಇನ್ನೂ ಬಂದಿಲ್ಲ. ನನ್ನ ಇನ್ನೊಂದು ಅಭ್ಯಾಸವೆಂದರೆ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಆಯಾ ದಿನದ್ದನ್ನು ಅಂದೇ ಬರೆದಿಡುವುದು. ಹಾಲು ಒಡೆದದ್ದು, ಕರೆಂಟು ಹೋದದ್ದು, ಬೆಕ್ಕು ಮರಿ ಹಾಕಿದ್ದು. ನಮ್ಮ ಮನೆಯಲ್ಲಿ ಏನಾದರೂ ನಡೆದಿದೆಯೋ ಇಲ್ಲವೋ ಎಂಬ ತಕರಾರು ಬಂದರೆ ಎಲ್ಲರೂ ಆ ಗೋಡೆಯತ್ತ ನೋಡುತ್ತಾರೆ. ಅಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ವರ್ಷ ನನ್ನ ಸಿಟ್ಟಿಗೆ ಕಾರಣರಾದವರು ಕಡಲ್ಗಳ್ಳರು. ನಗಬೇಡಿ. ಈ ವಿಷಯದಲ್ಲಿ ನಗುವವರ ಮೇಲೆಯೇ ನನಗೆ ಹೆಚ್ಚು ಸಿಟ್ಟಿದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆಯವರು ಗಂಗೊಳ್ಳಿಯಲ್ಲಿ ಬೋಟಿನ ತಂಡೇಲರು. ಎಂದರೆ ಬೋಟನ್ನೂ ಅದರಲ್ಲಿರುವ ಏಳೆಂಟು ಜನರನ್ನೂ ಕಡಲಿಗೆ ಕರೆದುಕೊಂಡು ಹೋಗಿ, ಕರೆದುಕೊಂಡು ಬರುವ ಜವಾಬ್ದಾರಿ ಅವರದು. ಕಳೆದ ವರ್ಷ ಬೋಟಿನಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆಯ ಮೇಲೆ ಕಾಲಿಟ್ಟು ಜಾರಿ, ಮೊಣಕಾಲಿಗೆ ಆಪರೇಷನ್ ಆಯಿತು. ಒಂದು ವರ್ಷ ಬೋಟು ಹತ್ತಬಾರದೆಂದು ಡಾಕ್ಟರು ಹೇಳಿದರು. ಕಡಲಿನ ಸದ್ದು ಅಡುಗೆಮನೆಯವರೆಗೆ ಕೇಳುವ ಮನೆಯಲ್ಲಿ ಕಡಲಿಗೆ ಹೋಗಬೇಡಿ ಎಂದರೆ, ಮದುವೆಮನೆಯ ಪಂಕ್ತಿಯಲ್ಲಿ ಕೂರಿಸಿ ಗಂಜಿ ಬಡಿಸಿದಂತೆ. ಇವರು ಜಗಲಿಯ ಕುರ್ಚಿಯಲ್ಲಿ ಕೂತು, ಬೇರೆಯವರ ಬೋಟಿನ ಸದ್ದು ಕೇಳಿ ಅದು ಯಾರದು, ಇಂಜಿನ್ನಿನ ಯಾವ ಭಾಗ ಸವೆದಿದೆ ಎಂದೆಲ್ಲ ಹೇಳತೊಡಗಿದರು. ಮಗಳು ಸಹನಾಗೆ ಕನಿಕರವಾಯಿತು. ಅವಳು ಬ್ರಹ್ಮಾವರದ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಒಂದು ಭಾನುವಾರ ಯಾರಿಂದಲೋ ಆಟದ ಪೆಟ್ಟಿಗೆಯೊಂದನ್ನು ತಂದು ಟೀವಿಗೆ ಸಿಕ್ಕಿಸಿ, "ಅಪ್ಪಯ್ಯ, ಇಲ್ಲಿ ಕೂತೇ ಹಡಗ್ ಬಿಡ್ಲಕ್ಕ್" ಎಂದಳು.

ಅದು ಕಡಲ್ಗಳ್ಳರ ಆಟ. ದೊಡ್ಡ ಕಡಲು, ಅಲ್ಲಲ್ಲಿ ನಡುಗಡ್ಡೆ, ನಮಗೊಂದು ಹಾಯಿ ಹಡಗು. ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರೂ ಕೇಳುವುದಿಲ್ಲ. ಅದೇ ಹೊತ್ತಿಗೆ ಪ್ರಪಂಚದ ಬೇರೆ ಬೇರೆ ಕಡೆ ಕೂತು ಆಡುವವರ ಹಡಗುಗಳೂ ಅದೇ ನೀರಿನಲ್ಲಿ ಓಡಾಡುತ್ತಿರುತ್ತವೆ. ಇವರು ಮೊದಲ ದಿನ ಬರೀ ತಪ್ಪು ಹುಡುಕಿದರು. "ಗಾಳಿ ಎದ್ರಿಂದ ಬತ್ತಿತ್ತ್, ಹಾಯಿ ಹ್ಯಾಂಗ್ ತುಂಬ್ತ್ ಮರಾಯ್ತಿ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು, ಆಟ ಮಾಡಿದವಳು ನಾನೇ ಎಂಬಂತೆ. ಮೂರನೆಯ ದಿನಕ್ಕೆ, "ನೀರ್ ಮಾತ್ರ ಸಮಾ ಮಾಡಿದ್ರ್" ಎಂದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಸಾರಿಗೆ ಇಷ್ಟು ದೊಡ್ಡ ಹೊಗಳಿಕೆ ಬಂದದ್ದಿಲ್ಲ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿಹಿಡಿದು, ದಿನಾ ಮಧ್ಯಾಹ್ನ ಹಡಗು ಬಿಡತೊಡಗಿದರು. ಜಗಲಿಯ ಕುರ್ಚಿಗೆ ಬೆಕ್ಕು ಬಂತು.

ತೊಂದರೆ ಶುರುವಾದದ್ದು ಇವರ ಒಳ್ಳೆಯತನದಿಂದ. ನಮ್ಮ ಕಡೆ ಕಡಲಿನಲ್ಲಿ ಒಬ್ಬರ ಬೋಟು ಕೆಟ್ಟು ನಿಂತರೆ, ಕಂಡವರು ಹಗ್ಗ ಎಸೆದು ಬಂದರಿನವರೆಗೆ ಎಳೆದು ತರಬೇಕು. ಯಾರ ಬೋಟು, ಯಾವ ಊರು, ಮಾತು ಬಿಟ್ಟವರೋ ಎಂದು ಕೇಳುವ ಹಾಗಿಲ್ಲ. ಇವರು ಆಟದಲ್ಲೂ ಅದನ್ನೇ ಮಾಡಿದರು. ದೂರದಲ್ಲಿ ಒಂದು ಹಡಗು ಬಂಡೆಗೆ ಬಡಿದು ವಾಲಿದ್ದು ಕಂಡರೆ ಸಾಕು, ಹಾಯಿ ಇಳಿಸಿ, ತೂತು ಮುಚ್ಚುವ ಹಲಗೆ, ನೀರೆತ್ತುವ ಬಾಲ್ದಿ ಹಿಡಿದುಕೊಂಡು ಪಕ್ಕಕ್ಕೆ ಹೋಗುವುದು. ಅವರು ಇವರಿಗೆ ಗುಂಡು ಹೊಡೆಯುವುದು. ಇವರ ಹಡಗು ಮುಳುಗುವುದು. ಮೊದಲ ಸಲ, "ಗೊತ್ತಾಯ್ಲಿಲ್ಲೆ ಕಾಣತ್" ಎಂದರು. ಎರಡನೆಯ ಸಲ, ತಾನೇ ತಪ್ಪು ಮಗ್ಗುಲಿನಿಂದ ಹೋದೆ ಎಂದರು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ, "ಇವರ ಹಡಗು ಮುಳುಗಿತು" ಎಂದು. ಏಳು ಸಲ ಆಯಿತು. ಏಳನೆಯ ಸಲ ಮುಳುಗಿಸಿದವರು ಇಂಗ್ಲಿಷಿನಲ್ಲಿ ಏನೋ ಹೇಳಿ ಗಹಗಹಿಸಿದ್ದು ಟೀವಿಯಲ್ಲಿ ಕೇಳಿಸಿತು.

"ಎಂತ ಅಂದ್ರ್ ಮಗಾ?" ಎಂದು ಇವರು ಸಹನಾಳನ್ನು ಕೇಳಿದರು.

ಅವಳು ಟೀವಿಯ ಸದ್ದು ತಗ್ಗಿಸಿ, "ಥ್ಯಾಂಕ್ಸ್ ಅಂದ್ರ್ ಅಪ್ಪಯ್ಯ" ಎಂದಳು.

"ಥ್ಯಾಂಕ್ಸ್ ಅಂಬುಕೆ ಇಷ್ಟ್ ನಗಾಡುಕಿತ್ತಾ?" ಎಂದು ಇವರು ಹಡಗು ನಡೆಸುವ ಆಟದ ಹಿಡಿಯನ್ನು ಸ್ಟೂಲಿನ ಮೇಲಿಟ್ಟರು. ಮರುದಿನ ಅದನ್ನು ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಬೆಕ್ಕನ್ನು ಎಬ್ಬಿಸಿ ಜಗಲಿಯ ಕುರ್ಚಿಗೆ ವಾಪಸು ಹೋದರು. ಈಗ ಬೋಟಿನ ಸದ್ದು ಕೇಳಿದರೂ ಯಾರದೆಂದು ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ, "ಅಷ್ಟ್ ವರ್ಷದಗೆ ಒಬ್ನೂ ನಂಗೆ ಹೀಂಗ್ ಮಾಡಿದ್ದಿಲ್ಲೆ" ಎಂದರು. ನನಗೆ ಆ ಮಾತು ತಡೆಯಲಾಗಲಿಲ್ಲ. ಇವರನ್ನು ಮತ್ತೆ ಆ ಟೀವಿಯ ಮುಂದೆ ನೆಟ್ಟಗೆ ಕೂರಿಸಬೇಕೆಂದರೆ, ಆ ಹಾಳು ಕಡಲಿನಲ್ಲಿ ಒಬ್ಬನಾದರೂ ಮರ್ಯಾದಸ್ಥನಿದ್ದಾನೆಂದು ಇವರಿಗೆ ತೋರಿಸಬೇಕಿತ್ತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಇವರ ಈ ಎಳೆದು ತರುವ ಅಭ್ಯಾಸವನ್ನು ಜೀವನವಿಡೀ ಬೈದವಳು ನಾನೇ. ಹಂಗಾರಕಟ್ಟೆಯಲ್ಲಿ ನನ್ನ ಅಣ್ಣನ ಹೊಸ ಮನೆಯ ಒಕ್ಕಲಿನ, ಎಂದರೆ ಗೃಹಪ್ರವೇಶದ, ದಿನ ಇವರು ಹನ್ನೆರಡಕ್ಕೆ ಬರುತ್ತೇನೆಂದವರು, ಕೆಟ್ಟು ನಿಂತ ಯಾರದೋ ಬೋಟನ್ನು ಎಳೆದು ದಡ ಮುಟ್ಟಿಸಿ, ಎಲೆಗಳನ್ನೆಲ್ಲ ಎತ್ತಿದ ಮೇಲೆ ಡೀಸೆಲ್ ವಾಸನೆಯೊಂದಿಗೆ ಬಂದು, ತಳ ಹತ್ತಿದ ಪಾಯಸ ಉಂಡರು. "ಹ್ವಾಯ್, ಕಡ್ಲಗೆ ನಿತ್ತದ್ದನ್ನೆಲ್ಲಾ ಎಳ್ಕಂಡ್ ಬಪ್ಪುಕೆ ನೀವೆಂತ ಗುತ್ತಿಗೆ ಹಿಡ್ದಿದ್ರ್ಯಾ?" ಎಂದು ನೆಂಟರ ಮುಂದೆಯೇ ಕೇಳಿದ್ದೆ. ಇವರು ಪಾಯಸದಿಂದ ತಲೆ ಎತ್ತದೆ, "ನಾಳೆ ನಮ್ದೂ ನಿತ್ರೆ?" ಎಂದಿದ್ದರು. ನಾಲ್ಕು ದಿನ ನಾನು ಮಾತು ಬಿಟ್ಟಿದ್ದೆ. ಆ ನಾಲ್ಕೂ ಚೌಕದಲ್ಲಿ "ಮಾತಿಲ್ಲ" ಎಂದು ಬರೆದಿದೆ.

ಸಹನಾಳನ್ನು ಕೇಳಿದಾಗ, ಆಟ ಮಾರುವ ತಾಣದಲ್ಲಿ ಆಡಿದವರು ತಮ್ಮ ಅಭಿಪ್ರಾಯ ಬರೆಯುವ ಜಾಗವಿದೆ ಎಂದು ತಿಳಿಯಿತು. ಕೂತು ಅವನ್ನೆಲ್ಲ ಓದಿಸಿಕೊಂಡೆ. ಓದಿದಷ್ಟೂ ಮೈ ಉರಿಯಿತು. ಒಬ್ಬ ಮಹಾನುಭಾವ ಒಂಬೈನೂರು ಗಂಟೆ ಆಡಿ, "ಆಡಲು ಯೋಗ್ಯವಲ್ಲ" ಎಂದು ಬರೆದಿದ್ದ. ಒಂಬೈನೂರು ತುತ್ತು ಉಂಡು ಕೈ ತೊಳೆಯುವಾಗ ಉಪ್ಪಿಲ್ಲ ಎನ್ನುವವರನ್ನು ನಾನು ಮದುವೆಮನೆಗಳಲ್ಲಿ ಕಂಡಿದ್ದೇನೆ. ಇನ್ನೊಬ್ಬಳು ಸೂರ್ಯಾಸ್ತ ಚೆನ್ನಾಗಿದೆ ಎಂದು ಕೊಂಡಾಡಿದ್ದಳು, ಆಟದಲ್ಲಿ ಏನಾಗುತ್ತದೆಂದು ಆಕೆಗೆ ಗೊತ್ತೇ ಇದ್ದಂತಿರಲಿಲ್ಲ. ಆದರೆ ಹೆಚ್ಚಿನವರು ಹೊಗಳಿದ್ದು ಒಂದೇ ಸಂಗತಿಯನ್ನು: "ಇಲ್ಲಿ ಯಾರನ್ನೂ ನಂಬಬೇಡಿ. ಹತ್ತಿರ ಬಂದವರಿಗೆ ಮೊದಲು ಗುಂಡು ಹೊಡೆಯಿರಿ. ಅದೇ ಇದರ ಸೊಗಸು." ಸೊಗಸಂತೆ. ಹೀಗೆ ಬರೆದವರಿಗೂ ಅವರ ಅಪ್ಪ ಅಮ್ಮ ಅನ್ನ ಹಾಕಿದ್ದಾರಲ್ಲ, ಅದು ಸೊಗಸು.

ಅಂದೇ ಅರ್ಜಿ ಬರೆದೆ. "ಇವರಿಂದ", "ಇವರಿಗೆ", "ಮಾನ್ಯರೇ", ಎಲ್ಲ ಕ್ರಮ ಪ್ರಕಾರ. ವಿಷಯ: ಸಹಾಯಕ್ಕೆ ಬಂದವರ ಹಡಗನ್ನು ಮುಳುಗಿಸುತ್ತಿರುವ ಬಗ್ಗೆ. "ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಯಜಮಾನರು ಏಳು ಸಲ ಮುಳುಗಿರುತ್ತಾರೆ" ಎಂದು ಆರಂಭಿಸಿ, ನಮ್ಮ ಕಡಲಿನ ರೀತಿಯನ್ನು ವಿವರಿಸಿದೆ. ಬರುವವನ ಮನಸ್ಸು ಗುರುತಿಸುವುದು ಹೇಗೆಂದು ಇವರು ಹೇಳಿದ್ದನ್ನೂ ಸೇರಿಸಿದೆ: ಸಹಾಯಕ್ಕೆ ಬರುವವನು ಹಾಯಿ ಇಳಿಸಿ ನಿಧಾನ ಬರುತ್ತಾನೆ, ಕೈಯಲ್ಲಿ ದೀಪ ಹಿಡಿದು ಮುಂದೆ ನಿಂತಿರುತ್ತಾನೆ. ಕೊನೆಗೆ ಹಡಗಿನ ತೂತನ್ನು ಮೂರು ಸೆಕೆಂಡಿನಲ್ಲಿ ಹಲಗೆ ಬಡಿದು ಮುಚ್ಚುವುದಕ್ಕೂ ಆಕ್ಷೇಪ ಸಲ್ಲಿಸಿದೆ. ನನ್ನ ಅಪ್ಪ ಹಂಗಾರಕಟ್ಟೆಯಲ್ಲಿ ಬೋಟು ಕಟ್ಟುವ ಬಡಗಿಯಾಗಿದ್ದರು, ಒಂದು ಹಲಗೆ ಕೂರಿಸಲು ಅವರಿಗೆ ಒಂದು ದಿನ ಹಿಡಿಯುತ್ತಿತ್ತು. "ತಾವು ದಯಮಾಡಿ ಒಮ್ಮೆಯಾದರೂ ಸಹಾಯ ಮಾಡಿ ನೋಡಬೇಕಾಗಿ ವಿನಂತಿ" ಎಂದು ಮುಗಿಸಿ ಸಹನಾಗೆ ಕೊಟ್ಟೆ. ಅವಳು ಕನ್ನಡದಲ್ಲಿ ಹಾಕಿ, ಕೆಳಗೆ ಇಂಗ್ಲಿಷಿನಲ್ಲೂ ಹಾಕಿದಳು.

ಮರುದಿನ ಇನ್ನೂರ ಹದಿನಾಲ್ಕು ಮಂದಿ ಓದಿ ಗುಂಡಿ ಒತ್ತಿದ್ದರು. ನನಗೆ ಹಿಗ್ಗಾಯಿತು. ಆದರೆ ಆ ಜಾಗದಲ್ಲಿ ಎರಡು ಗುಂಡಿಗಳಿವೆಯಂತೆ, ಒಂದು "ಉಪಯುಕ್ತ", ಇನ್ನೊಂದು "ತಮಾಷೆ". ಇನ್ನೂರ ಹದಿನಾಲ್ಕೂ ತಮಾಷೆಗೆ ಬಿದ್ದಿದ್ದವು. ನಾನು ಸಿಟ್ಟಿನಲ್ಲಿ ಬರೆದ ಅರ್ಜಿಗಳಿಗೆ ಹಿಂದೆ ಯಾರೂ ಉತ್ತರಿಸದೆ ಇದ್ದದ್ದುಂಟು, ನಕ್ಕದ್ದಿರಲಿಲ್ಲ. ಕೆಳಗೆ ಒಬ್ಬ, "ಅಜ್ಜಿ, ನೀವು ತೋಟ ಮಾಡುವ ಆಟ ಆಡಿ" ಎಂದು ಬರೆದಿದ್ದ. ಅಜ್ಜಿಯಂತೆ. ನನಗಿನ್ನೂ ಐವತ್ತೆರಡು. ಅವನಿಗೆ ಉತ್ತರ ಬರೆಯುವಷ್ಟರಲ್ಲಿ ಒಲೆಯ ಮೇಲಿದ್ದ ಕುಚ್ಚಲಕ್ಕಿ ಅನ್ನ ತಳ ಹಿಡಿಯಿತು. ಮತ್ತೊಬ್ಬನಿಗೆ ಬರೆಯುವಷ್ಟರಲ್ಲಿ ಹಾಲು ಉಕ್ಕಿತು. ಇವರು ಜಗಲಿಯಿಂದಲೇ, "ಯಾರತ್ರ ಜಗಳ?" ಎಂದರು. "ನಿಮ್ಗೆ ಗುಂಡ್ ಹೊಡ್ದವ್ರತ್ರ" ಎಂದೆ. ಇವರು ಎದ್ದು ಬಂದು ಅರ್ಜಿಯನ್ನು ಎರಡು ಸಲ ಓದಿ, ಟೀವಿಯ ಮುಂದಿನ ಧೂಳು ಒರೆಸಿದರು. "ಬತ್ರ್ ಬಿಡ್. ಯಾರಾರೂ ಬತ್ರ್" ಎಂದರು. ಆದರೆ ಹಿಡಿ ಮುಟ್ಟಲಿಲ್ಲ. ಯಾರಾದರೂ ಬಂದ ಮೇಲೆ ಆಡುತ್ತೇನೆಂಬ ಹಟ.

ಆ ಶುಕ್ರವಾರ ಇವರು ಮೊಣಕಾಲಿನ ವ್ಯಾಯಾಮಕ್ಕೆಂದು ರಿಕ್ಷಾದಲ್ಲಿ ಕುಂದಾಪುರ ಪೇಟೆಗೆ ಹೋದರು. ಹೋಗುವಾಗ, ಆ ಕಡಲಿನಲ್ಲಿ ಯಾರಾದರೂ ಸಹಾಯಕ್ಕೆ ಬಂದರೆ ನೋಡಿರು ಎಂಬಂತೆ ಟೀವಿಯಲ್ಲಿ ಆಟ ಹಾಕಿಯೇ ಹೋಗಿದ್ದರು. ಇವರು ಆಡಿದ್ದನ್ನು ನೋಡಿ ತಿಳಿದಷ್ಟರಲ್ಲೇ ನಾನು ಮೊದಲ ಸಲ ಹಿಡಿ ಕೈಗೆ ತೆಗೆದುಕೊಂಡೆ. ಬಂದರಿನಿಂದ ಹೊರಟು, ನೂರು ಮಾರು ಹೋಗುವುದರೊಳಗೆ ಬಂಡೆಗೆ ಬಡಿದೆ. ತಳ ತೂತಾಗಿ ನೀರು ಏರತೊಡಗಿತು. ನನ್ನಲ್ಲಿ ಹಲಗೆ ಒಂದೂ ಇರಲಿಲ್ಲ. ಅಷ್ಟರಲ್ಲಿ ಒಂದು ಹಡಗು ಬಂತು. ಹಾಯಿ ಇಳಿಸಿತ್ತು. ನಿಧಾನ ಬರುತ್ತಿತ್ತು. ಮುಂದೆ ಒಬ್ಬ ನಿಂತು ದೀಪ ಆಡಿಸುತ್ತಿದ್ದ. ಅರ್ಜಿಯಲ್ಲಿ ನಾನು ಬರೆದದ್ದು ಯಾವುದೂ ಬಾಕಿ ಇರಲಿಲ್ಲ.

ಅದೇ ಹೊತ್ತಿಗೆ ಗೇಟಿನ ಬಳಿ, "ಹ್ವಾಯ್, ಗ್ಯಾಸ್" ಎಂದು ಕೂಗು ಕೇಳಿತು. ಗ್ಯಾಸಿನವನು ಎರಡು ಸಲ ಕೂಗಿ ಮೂರನೆಯದಕ್ಕೆ ಹೊರಟುಬಿಡುವವನು. ಇತ್ತ ಈ ಹಡಗು ಹತ್ತಿರ ಹತ್ತಿರ ಬರುತ್ತಿದೆ. ನಾನು ಎದ್ದು ಹೋದಾಗ ಇವನೇನಾದರೂ ಮಾಡಿದರೆ? ಯಾರನ್ನೂ ನಂಬಬೇಡಿ ಎಂದು ಅಷ್ಟು ಜನ ಬರೆದದ್ದು ಸುಮ್ಮನೆಯೇ? ಫಿರಂಗಿ ನನ್ನ ಪಕ್ಕದಲ್ಲೇ ಇತ್ತು. ಹಡಗನ್ನು ನೂರು ಮಾರು ನೆಟ್ಟಗೆ ನಡೆಸಲು ಬಾರದ ನನ್ನ ಕೈಗೆ ಗುರಿ ಮಾತ್ರ ಹೇಗೆ ಬಂತೋ, ಮೂರೇ ಗುಂಡುಗಳಿಗೆ ಆ ಹಡಗು ಮುಳುಗಿತು. ನೀರಿನ ಮೇಲೆ ಒಂದಷ್ಟು ಹಲಗೆಗಳು ತೇಲಿದವು. ನನ್ನ ಹಡಗಿನ ದುರಸ್ತಿಗೆಂದು ಅವನು ತಂದದ್ದು. ಬಡಗಿಯ ಮಗಳಿಗೆ ಅದು ಬೇಗ ತಿಳಿಯಿತು. ನಾನು ಅವನ್ನು ಎತ್ತಿ ನನ್ನ ತೂತಿಗೆ ಬಡಿದೆ. ಮೂರೇ ಸೆಕೆಂಡು ಸಾಕಾಯಿತು. ಆಮೇಲೆ ಗೇಟಿಗೆ ಓಡಿದೆ. "ಎಂತ ಅಮ್ಮಾ, ಒಳ್ಗೆ ಪಟಾಕಿ ಗರ್ನಾಲ್ ಹೊಡ್ದಂಗ್ ಕೇಂತಲೆ?" ಎಂದು ಗ್ಯಾಸಿನವನು ಕೇಳಿದ. "ಟೀವಿ" ಎಂದೆ.

ಇವರು ಬಂದವರೇ ಚಪ್ಪಲಿ ಬಿಡುವ ಮೊದಲೇ, "ಯಾರಾರೂ ಬಂದ್ರಾ?" ಎಂದರು.

"ಇಲ್ಲೆ" ಎಂದೆ.

ಟೀವಿ ನೋಡಿ, "ಹಡಗ್ ಮುಳ್ಗಲಿಲ್ಲೆ. ತೂತ್ ಮುಚ್ಚಿದ್ದ್ ಯಾರ್, ನೀನಾ? ಅಪ್ಪನ ಮಗ್ಳೇ ಸೈ" ಎಂದು ಮೆಚ್ಚಿದರು.

ಸಂಜೆ ಸಹನಾ ಬಂದವಳು, ನನ್ನ ಅರ್ಜಿಯ ಕೆಳಗೆ ಹೊಸದೊಂದು ಅಭಿಪ್ರಾಯ ಬಂದಿದೆಯೆಂದು ಓದಿ ಹೇಳಿದಳು. "ಅಮ್ಮ, ನಿಮ್ಮ ಮಾತು ಓದಿ ಇಂದು ಮೊದಲ ಬಾರಿಗೆ ಒಂದು ಹಡಗಿಗೆ ಸಹಾಯ ಮಾಡಲು ಹೋದೆ. ನೀವು ಹೇಳಿದಂತೆಯೇ ಹಾಯಿ ಇಳಿಸಿ, ದೀಪ ಹಿಡಿದು ಹೋದೆ. ಅವರು ನನ್ನನ್ನು ಮುಳುಗಿಸಿ, ನನ್ನ ಹಲಗೆಗಳನ್ನೂ ತೆಗೆದುಕೊಂಡರು. ನಿಮ್ಮೂರಿನ ಕಡಲು ಒಳ್ಳೆಯದಿರಬೇಕು. ನಾನು ಇನ್ನೊಮ್ಮೆ ಪ್ರಯತ್ನಿಸುತ್ತೇನೆ."

ಇವರ ಮುಖ ಅರಳಿತು. "ಕಂಡ್ಯಾ? ಬಂದ ಕಾಣ್ ಒಬ್ಬ. ಇನ್ನೊಂದ್ ಸಲ ಹೋತೆ ಅಂದ" ಎಂದು ಸ್ಟೂಲನ್ನು ಹತ್ತಿರ ಎಳೆದು, ಎರಡು ವಾರದ ಮೇಲೆ ಹಿಡಿಯನ್ನು ಕೈಗೆ ತೆಗೆದುಕೊಂಡರು. ಮರುಕ್ಷಣ ಹುಬ್ಬು ಗಂಟಿಕ್ಕಿತು. "ಆದ್ರೆ ಅವ್ನಿಗೆ ಗುಂಡ್ ಹೊಡುದ್ ಎಂಥ ಜನ್ಮ ಮರಾಯ್ತಿ? ಹಲ್ಗಿಯೂ ಕದ್ಕಂಡ್ ಹೋಯ್ದಲೆ. ಅದ್ರ್ ಮೇಲೆ ಒಂದ್ ಅರ್ಜಿ ಬರಿ. ಚೂರೂ ಬಿಡ್ಬೇಡ."

ನಾನು ಬರೆದೆ. ವಿಷಯ: ಸಹಾಯಕ್ಕೆ ಬಂದವನ ಹಲಗೆ ಕದ್ದ ನೀಚರನ್ನು ಖಂಡಿಸುವ ಬಗ್ಗೆ. ಇಂಥವರ ಮನೆಯ ಹಾಲು ನಿತ್ಯ ಒಡೆಯಲಿ ಎಂದು ಕೂಡ ಸೇರಿಸಿದೆ. ನಾನು ಈವರೆಗೆ ಬರೆದ ಅರ್ಜಿಗಳಲ್ಲೆಲ್ಲ ಇದೇ ಗಟ್ಟಿಯಾಗಿದೆ ಎಂದು ಇವರು ಹೇಳಿದರು. ಸಹನಾ ಎಣಿಸಿ ಹೇಳಿದಂತೆ, ಇದಕ್ಕೆ ತಮಾಷೆಯ ಗುಂಡಿಯನ್ನು ಒಬ್ಬರೂ ಒತ್ತಿಲ್ಲ, ಒತ್ತಿದವರೆಲ್ಲ ಉಪಯುಕ್ತವೆಂದೇ ಒತ್ತಿದ್ದಾರೆ.

ಮರುದಿನ ಬೆಳಿಗ್ಗೆ ನಮ್ಮ ಹಾಲು ಒಡೆಯಿತು. ಅದನ್ನು ಅದರ ಚೌಕದಲ್ಲಿ ಬರೆದಿದ್ದೇನೆ. ಹಿಂದಿನ ದಿನದ ಚೌಕ ಯಾರು ಬೇಕಾದರೂ ಬಂದು ನೋಡಬಹುದು: "ಗ್ಯಾಸ್ ಬಂತು. ಬೇರೆ ವಿಶೇಷವಿಲ್ಲ."