ದಿಬ್ಬದ ರಸ್ತೆಯಲ್ಲಿ ಹರಕೆಯಿಲ್ಲದೆ ಓಡಲು ಅನುಮತಿ ಕೋರಿ

ಇಂದ:
ಶಾಂತಲಾ, 36 ವರ್ಷ,
ಕಂಪ್ಯೂಟರ್ ಆಪರೇಟರ್, ಗ್ರಾಮ ಪಂಚಾಯಿತಿ ಕಚೇರಿ,
ದಿಬ್ಬದಹಳ್ಳಿ, ನ್ಯಾಮತಿ ತಾಲ್ಲೂಕು.

ಗೆ:
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಅದೇ ಕಚೇರಿ, ಒಳಕೋಣೆ.

ವಿಷಯ: ಅರ್ಜಿದಾರಳ ಹೆಸರಿನಲ್ಲಿ ಊರು ಹೊತ್ತಿರುವ ಹರಕೆಯನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: 1) ಹಾಲಿನ ಡೇರಿ ರೇವಣ್ಣನವರ ಮೌಖಿಕ ಆಹ್ವಾನಗಳು.
2) ಶಂಕ್ರಮ್ಮನವರ ಗೋಡೆಯ ಮೇಲಿನ ಸುಣ್ಣದ ಗೆರೆಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ದಿನವೂ ಹತ್ತಡಿ ದೂರದಲ್ಲಿ ಕುಳಿತಿದ್ದರೂ ಬಾಯಿಬಿಟ್ಟು ಹೇಳಲಾಗದ ಕಾರಣ, ಲಿಖಿತವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಬರುವ ಫೆಬ್ರವರಿಯಲ್ಲಿ ನಡೆಯುವ ಇಪ್ಪತ್ತೊಂದು ಕಿಲೋಮೀಟರ್ ಬೆಟ್ಟದ ಓಟಕ್ಕೆ ನಾನು ಹೆಸರು ಕೊಟ್ಟಿರುತ್ತೇನೆ. ನಮ್ಮ ಊರಿನ ಸುತ್ತ ಮೆಕ್ಕೆಜೋಳದ ಮಟ್ಟಸ ಹೊಲಗಳಿದ್ದು, ಏರು ಎಂಬುದು ಬಸ್ ಸ್ಟ್ಯಾಂಡಿನಿಂದ ದುರುಗಮ್ಮನ ಗುಡಿಯವರೆಗಿನ ಎಂಟುನೂರು ಮೀಟರ್ ಮಾತ್ರ. ಆದ್ದರಿಂದ ಪ್ರತಿ ಭಾನುವಾರ ಬೆಳಿಗ್ಗೆ ಅದನ್ನೇ ಹತ್ತು ಸಲ ಹತ್ತಿ ಹತ್ತು ಸಲ ಇಳಿದು, ಹದಿನಾರು ಕಿಲೋಮೀಟರ್ ಮಾಡುವುದೆಂದು ತೀರ್ಮಾನಿಸಿದೆ.

2. ನಮ್ಮೂರಿನಲ್ಲಿ ನಡೆದು ಹೋಗುವವರನ್ನು ಕಂಡರೆ ಬೈಕ್ ನಿಲ್ಲಿಸದೆ ಯಾರೂ ಮುಂದೆ ಹೋಗುವುದಿಲ್ಲ. ಇನ್ನು ಓಡುವವಳನ್ನು ಬಿಡುತ್ತಾರೆಯೇ?

"ಯಾಕ್ರೀ ಅಕ್ಕಾ, ಏನಾತು? ಹತ್ರಿ, ಬಿಡ್ತೀನಿ," ಎಂದರು ಡೇರಿಯ ರೇವಣ್ಣ.

"ಏನೂ ಆಗಿಲ್ಲ ರೇವಣ್ಣ, ಸುಮ್ನೆ ಓಡಾಕೆ ಬಂದೀನಿ."

"ಸುಮ್ನೆ ಓಡಾಕೆ ಗಾಡಿ ಐತಲ್ರೀ!"

ಬೇಡವೆಂದರೆ ಬೇಜಾರಾಗುತ್ತಾರೆ. ಕಾರಣ, ಮೂರು ಭಾನುವಾರ ಏರನ್ನೆಲ್ಲ ಹಾಲಿನ ಕ್ಯಾನ್‌ಗಳ ನಡುವೆ ಕುಳಿತು ಏರಿ, ಇಳಿಜಾರನ್ನು ಮಾತ್ರ ಓಡಿರುತ್ತೇನೆ. ಬೆಟ್ಟ ಇಳಿಯುವುದರಲ್ಲಿ ನನಗೀಗ ಒಳ್ಳೆಯ ಅನುಭವವಿದೆ.

3. ಆದಕಾರಣ ನಾಲ್ಕನೇ ಭಾನುವಾರ, ಬೇರೆ ದಾರಿ ತೋಚದೆ, "ಹರಕೆ ಐತೆ ರೇವಣ್ಣ" ಎಂದುಬಿಟ್ಟೆ. ಅವರು ಚಪ್ಪಲಿ ಬಿಟ್ಟು ಗುಡಿಯ ಕಡೆ ಕೈ ಮುಗಿದು, ಗಾಡಿಯನ್ನು ತಳ್ಳಿಕೊಂಡೇ ದೂರ ಹೋದರು. ಅಂದಿನಿಂದ ಯಾರೂ ಲಿಫ್ಟ್ ಕೊಟ್ಟಿರುವುದಿಲ್ಲ.

4. ಯಾವ ಹರಕೆಯೆಂದು ಯಾರೂ ಕೇಳಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿಲ್ಲದವಳ ಹರಕೆ ಇನ್ಯಾವುದು ಇರುತ್ತದೆ ಎಂದು ಊರು ತಾನೇ ಭರ್ತಿ ಮಾಡಿಕೊಂಡಿತು. ಗುಡಿಯ ಬಳಿ ಹೂವು ಮಾರುವ ಶಂಕ್ರಮ್ಮನವರು ನನ್ನ ಸುತ್ತುಗಳನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡುತ್ತಿದ್ದಾರೆ. ನನ್ನ ವಾಚು ಹತ್ತು ಎಂದರೂ ಗೋಡೆ ಒಂಬತ್ತು ಎಂದಲ್ಲಿ, "ದೇವ್ರ ಲೆಕ್ಕ ಕಣವ್ವ, ಇನ್ನೊಂದು ಹಾಕು" ಎಂದು ವಾಪಸು ಕಳುಹಿಸುತ್ತಾರೆ.

5. ಸದರಿ ವಿಷಯದಲ್ಲಿ ನನ್ನ ಅತ್ತೆ ಬಂಗಾರಮ್ಮನವರ ಪಾತ್ರವನ್ನು ಪ್ರತ್ಯೇಕವಾಗಿ ಹೇಳಬೇಕಿದೆ. ಭಾನುವಾರ ನಾನು ಏಳುವಷ್ಟರಲ್ಲಿ ರಾಗಿ ಗಂಜಿ ಸಿದ್ಧವಿರುತ್ತದೆ. ಹೋದ ವಾರ ಜ್ವರ ಬಂದು ಮಲಗಿದ್ದೆ. ಅರವತ್ತಮೂರು ವರ್ಷದ, ಎರಡೂ ಮೊಣಕಾಲು ಸವೆದಿರುವ ಅವರು, ನನಗೆ ತಿಳಿಸದೆ ಹೋಗಿ ದಿಬ್ಬ ಹತ್ತಿ ಬಂದರು.

"ನಿನ್ ಹರಕೆ ತಪ್ಪಬಾರದಲ್ಲವ್ವ. ಹತ್ತು ಆಗ್ಲಿಲ್ಲ, ಒಂದೇ ಹಾಕಿದೆ. ನಾಕು ಕಡೆ ಕುಂತೆ. ಶಂಕ್ರಿ ಗೆರೆ ಎಳ್ದಾಳೆ," ಎಂದರು.

6. ವಾಸ್ತವಾಂಶವೇನೆಂದರೆ, ಆಸ್ಪತ್ರೆಗಳಿಗೆ ಅಲೆಯುವುದನ್ನು ನಾನೂ ನನ್ನ ಯಜಮಾನರೂ ಮೂರು ವರ್ಷದ ಹಿಂದೆಯೇ ನಿಲ್ಲಿಸಿರುತ್ತೇವೆ. ಅಳುವುದೂ ಮುಗಿದಿದೆ. ಇದನ್ನು ಅತ್ತೆಗೆ ಹೇಳಿರುವುದಿಲ್ಲ. ವಾರದಲ್ಲಿ ಅದು ನೆನಪಾಗದ ಎರಡು ಗಂಟೆಗಳೆಂದರೆ ಆ ದಿಬ್ಬದ ಮೇಲಿನವು. ಅದಕ್ಕೇ ಓಡುತ್ತಿದ್ದೆ. ಈಗ ಅಲ್ಲೂ ಅದೇ ನಿಂತು ಕಾಯುತ್ತಿದೆ, ಅದೂ ನನ್ನದೇ ಬಾಯಿಂದ ಬಂದು. ನನಗೆ ನಾಚಿಕೆಯಾಗುತ್ತಿದೆ.

ಆದ್ದರಿಂದ, ಅರ್ಜಿದಾರಳು ಯಾವುದೇ ಹರಕೆ ಹೊತ್ತಿರುವುದಿಲ್ಲವೆಂದೂ, ಓಟದ ಕಾರಣ ಎಂಬ ಕಾಲಂನಲ್ಲಿ 'ಏನೂ ಇಲ್ಲ' ಎಂದು ಓದಿಕೊಳ್ಳತಕ್ಕದ್ದೆಂದೂ ಕಚೇರಿಯ ಬೋರ್ಡಿಗೆ ನೋಟಿಸ್ ಹಚ್ಚಿಸಬೇಕಾಗಿ ವಿನಂತಿ. ಬಂಗಾರಮ್ಮನವರಿಗೆ ಓದು ಬಾರದು. ಅವರಿಗೆ ನೋಟಿಸು ಓದಿ ಹೇಳುವವಳು ನಾನೇ ಆಗಿರುವ ಕಾರಣ, ಇದೊಂದನ್ನು ತಾವೇ ಖುದ್ದು ಮನೆಗೆ ಬಂದು ಓದಿ ಹೇಳಬೇಕು. ಸ್ವಲ್ಪ ಮೆಲ್ಲಗೆ ಓದಬೇಕು.

ತಮ್ಮ ವಿಶ್ವಾಸಿ, ಹಾಗೂ ಈ ಅರ್ಜಿಗೆ ತಾನೇ ಸ್ವೀಕೃತಿ ಮೊಹರು ಒತ್ತಿಕೊಂಡವಳು,
ಶಾಂತಲಾ

ಲಗತ್ತುಗಳು:
1) ಬೆಟ್ಟದ ಓಟದ ನೋಂದಣಿ ಪ್ರತಿ.
2) ಶಂಕ್ರಮ್ಮನವರ ಗೋಡೆಯ ಫೋಟೋ (ಕೊನೆಯ ಒಂಟಿ ಗೆರೆ ಅತ್ತೆಯದು).
3) ಬಂಗಾರಮ್ಮನವರ ಮೊಣಕಾಲಿನ ಎಕ್ಸ್-ರೇ.

ವಿಶೇಷ ಸೂಚನೆ: ಅತ್ತೆ ನಿನ್ನೆ ನ್ಯಾಮತಿಯಿಂದ ಕ್ಯಾನ್ವಾಸ್ ಶೂ ತರಿಸಿಕೊಂಡಿದ್ದು, ಇನ್ನು ಪ್ರತಿ ವಾರ ಜೊತೆಗೆ ಬರುವುದಾಗಿ ತಿಳಿಸಿರುತ್ತಾರೆ. ಆದ್ದರಿಂದ ಭಾನುವಾರದೊಳಗೆ ಮೇಲಿನ ನೋಟಿಸ್ ಹೊರಡಿಸಲು ಸಾಧ್ಯವಾಗದಿದ್ದಲ್ಲಿ, ದಿಬ್ಬದ ಅರ್ಧದಲ್ಲಿ, ಬೇವಿನ ಮರದ ಕೆಳಗೆ, ಇಬ್ಬರು ಕೂರುವಷ್ಟು ಒಂದು ಕಲ್ಲುಬೆಂಚು ಹಾಕಿಸಿಕೊಡಬೇಕಾಗಿ ಕೋರಿಕೆ.