ನನ್ನ ಲಾರಿಯ ವಾಯಿದೆ ಮುಗಿದದ್ದು

ನನಗೆ ಲಾರಿ ಓಡಿಸಲು ಬರುತ್ತದೆ, ಸ್ಕೂಟರ್ ಓಡಿಸಲು ಬರುವುದಿಲ್ಲ. ಕೇಳಿದವರು ನಗುತ್ತಾರೆ, ನಗಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ, ಐವತ್ತು ದಾಟಿದ, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸು ಆರು ವರ್ಷದಿಂದ ಹದಿನಾರು ಚಕ್ರದ ಲಾರಿಯಲ್ಲಿ ಘಟ್ಟ ಹತ್ತಿ ಇಳಿಯುತ್ತಿದ್ದಳೆಂದರೆ ಯಾರು ತಾನೇ ನಂಬುತ್ತಾರೆ? ಲಾರಿ ಇದ್ದದ್ದು ನನ್ನ ಮೊಬೈಲಿನಲ್ಲಿ. ಪುಕ್ಕಟೆ ಆಟವಲ್ಲ, ದುಡ್ಡು ಕೊಟ್ಟು ಕೊಂಡದ್ದು. ಕೋಲಾರದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆನೆಂದರೆ ಮಾಲೂರಿನ ನಮ್ಮ ಸ್ಕೂಲು ಬರುವವರೆಗೂ ಅದೇ ಕೆಲಸ. ತಿರುವಿನಲ್ಲಿ ನನ್ನ ಲಾರಿ ವಾಲಿದಾಗ ನಾನೂ ವಾಲಿ, ಪಕ್ಕದವರ ಊಟದ ಡಬ್ಬಿಗೆ ಮೊಣಕೈ ತಾಗಿಸಿ ಬೈಸಿಕೊಂಡದ್ದುಂಟು. ಕಾಲಂತೂ ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಆ ಜಾಗದಲ್ಲಿ ಸಾಮಾನ್ಯವಾಗಿ ಯಾರದಾದರೂ ಪಾದ ಇರುತ್ತಿತ್ತು.

ಈ ಹುಚ್ಚಿನ ಮೂಲ ನನ್ನ ತವರು ಸುಗಟೂರು. ಟೊಮ್ಯಾಟೊ ಕ್ರೇಟುಗಳನ್ನು ಕೋಲಾರದ ಮಂಡಿಗೆ ಒಯ್ಯಲು ಲಾರಿ ಬಂದಾಗಲೆಲ್ಲ, ಡ್ರೈವರ್ ಟೀ ಕುಡಿಯಲು ಹೋದದ್ದೇ ತಡ, ನಾನು ಅವನ ಸೀಟಿನಲ್ಲಿ. ಅಪ್ಪ ಬಂದು ರೆಟ್ಟೆ ಹಿಡಿದು ಇಳಿಸುತ್ತಿದ್ದರು. "ಇಳಿಯೇ ಕೆಳಗೆ, ಹೆಣ್ಣುಡ್ಗಿ ಲಾರಿ ಓಡಿಸ್ತಾಳಂತೆ ಲಾರಿ!" ಮದುವೆಯಾದ ಮೇಲೆ ನಮ್ಮ ಯಜಮಾನರು ಉದಾರ ಮನಸ್ಸಿನಿಂದ ಸ್ಕೂಟರ್ ಕಲಿಸಲು ಹೊರಟರು. ನಾನು ನೆಟ್ಟಗೆ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದೆ. ಇವತ್ತಿಗೂ ನಾನು ರೇಷ್ಮೆ ಸೀರೆ ಉಟ್ಟು ನಿಂತರೆ ಅವರಿಗೆ ಆ ತೋಟ ನೆನಪಾಗಿ ನಗು ಬರುತ್ತದೆ. ಹಾಗಾಗಿ ಮೊಬೈಲಿನ ಲಾರಿಗೆ ನಾನೇ ಟೊಮ್ಯಾಟೊ ಬಣ್ಣ ಬಳಿದು, ಹಣೆಯ ಮೇಲೆ 'ಸುಗಟೂರು' ಎಂದು ಬರೆಸಿಕೊಂಡಿದ್ದೆ. ಆ ಲಾರಿ ಎಂದರೆ ನನಗೆ ಪ್ರಾಣ. ಅದರ ಸೀಟಿನಿಂದ ನನ್ನನ್ನು ಇಳಿಸುವವರು ಯಾರೂ ಇರಲಿಲ್ಲ.

ಇರಲಿಲ್ಲ ಎಂದುಕೊಂಡಿದ್ದೆ. ಒಂದು ಸೋಮವಾರ ಬಸ್ಸಿನಲ್ಲಿ ಕೂತು ಆಟ ತೆರೆದರೆ, ಲಾರಿಯ ಬದಲು ಬರೀ ಒಂದು ಸಾಲು ಕಂಡಿತು: ಈ ಆಟ ಇನ್ನು ಮುಂದೆ ಸಿಗುವುದಿಲ್ಲ. ನಾನು ರಜಾ ಅರ್ಜಿ ಬರೆದ ಹಾಗೆ 'ಮಾನ್ಯರೇ' ಎಂದು ಶುರು ಮಾಡಿ ಕಂಪನಿಗೆ ಉದ್ದನೆಯ ದೂರು ಕಳಿಸಿದೆ. ಮೂರನೇ ದಿನ ಬಹಳ ವಿನಯದ ಉತ್ತರ ಬಂತು. ನಾನು ಕೊಂಡಿದ್ದು ಆಟವನ್ನಲ್ಲವಂತೆ, ಆಡುವ ಅನುಮತಿಯನ್ನಂತೆ. ಅನುಮತಿಯ ವಾಯಿದೆ ಮುಗಿಯಿತಂತೆ. ಇದಕ್ಕೆಲ್ಲ ನಾನು ಮೊದಲೇ ಒಪ್ಪಿದ್ದೆನಂತೆ. ಒಪ್ಪಿದ್ದು ನಿಜ. ಷರತ್ತುಗಳ ಆ ಮಹಾಗ್ರಂಥವನ್ನು ಬೆರಳಿನಿಂದ ಸರ್ರನೆ ಮೇಲೆ ತಳ್ಳಿ ಕೊನೆಯ ಗುಂಡಿ ಒತ್ತಿದ್ದೆ. ಪ್ರತಿ ಪರೀಕ್ಷೆಗೂ ಬೋರ್ಡಿನ ಮೇಲೆ 'ಪ್ರಶ್ನೆಯನ್ನು ಎರಡು ಸಲ ಓದಿ' ಎಂದು ಬರೆಯುವವಳು ನಾನೇ. ಸ್ಟಾಫ್ ರೂಮಿನಲ್ಲಿ ಕೂತು ನಿಜವಾಗಿ ಅತ್ತೆ. ಕೇಳಿದವರಿಗೆ ನೆಗಡಿ ಎಂದೆ.

ಮನೆಗೆ ಬಂದು ಯಜಮಾನರ ಮುಂದೆ ಕಂಪನಿಯ ವಂಶವನ್ನೆಲ್ಲ ಜಾಲಾಡಿದೆ. "ಅಲ್ಲಾ ರೀ, ದುಡ್ಡು ಇಸ್ಕೊಂಡು ಮಾರಿದ್ಮೇಲೆ ಕಿತ್ಕೊಳ್ಳೋದು ಅಂದ್ರೇನು?"

ಅವರು ಕಡಲೆಕಾಯಿ ಬಿಡಿಸುತ್ತಾ ಸಾವಧಾನವಾಗಿ ಕೇಳಿ, "ಏನೇ, ಇದು ನಮ್ಮ ಚಲಪತಿ ಕತೆ ಅಲ್ವೇನೇ?" ಎಂದರು.

ಚಲಪತಿ ಯಾರೆಂದು ಹೇಳದೆ ವಿಧಿಯಿಲ್ಲ. ಶ್ರೀನಿವಾಸಪುರದ ಹತ್ತಿರ ನಮಗೊಂದು ಮಾವಿನ ತೋಪಿದೆ. ಮರ ಹೂ ಬಿಟ್ಟಾಗ ಚಲಪತಿ ಬಂದು ಆ ವರ್ಷದ ಫಸಲನ್ನು ಗುತ್ತಿಗೆ ಹಿಡಿಯುತ್ತಾನೆ. ಹಣ್ಣು ಅವನದು, ಮರ ನಮ್ಮದು. ಕರಾರು ಬರೆಯುವವಳು ನಾನು, ಯಾಕೆಂದರೆ ಯಜಮಾನರ ಬರವಣಿಗೆ ಅವರಿಗೇ ಅರ್ಥವಾಗುವುದಿಲ್ಲ. ಹೋದ ವರ್ಷ ವಾಯಿದೆ ಮುಗಿದಾಗ ಎರಡು ಸಾಲು ನೀಲಂ ಮಾವು ಇನ್ನೂ ಬಲಿತಿರಲಿಲ್ಲ. ಚಲಪತಿ ಹದಿನೈದು ದಿನ ಕೊಡಿ ಎಂದು ಕೈ ಮುಗಿದ. ನಾನು ಕರಾರು ತಂದು, ನನ್ನದೇ ದುಂಡು ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದೆ: 'ವಾಯಿದೆ ಮುಗಿದ ಮೇಲೆ ಮರದಲ್ಲಿ ಉಳಿದ ಕಾಯಿಯ ಮೇಲೆ ಗುತ್ತಿಗೆದಾರನಿಗೆ ಹಕ್ಕಿಲ್ಲ.' ಆತ ಕಾವಲಿನ ಗುಡಿಸಲು ಬಿಚ್ಚಿಕೊಂಡು ಹೋದ. ಆ ನೀಲಂ ಹಣ್ಣು ನಮ್ಮ ಸ್ಟಾಫ್ ರೂಮಿಗೆ ಚೀಲಗಟ್ಟಲೆ ಹೋಯಿತು, ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು.

"ಆ ಕಂಪ್ನಿಯೋರೂ ನೀನೂ ಒಂದೇ ಸ್ಕೂಲಲ್ಲಿ ಓದಿರ್ಬೇಕು ಕಣೇ" ಎಂದರು ಯಜಮಾನರು. ನನಗೆ ಮೈಯೆಲ್ಲ ಉರಿಯಿತು. ಅವರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಮುಂದಿನ ಭಾನುವಾರವೇ ಚಲಪತಿ ಬಂದ. ತೋಪು ಮೈತುಂಬ ಹೂ ಬಿಟ್ಟಿತ್ತು. ಈ ಸಲ ಕರಾರಿನ ಆ 'ಹಕ್ಕಿಲ್ಲ' ಎಂಬ ಸಾಲನ್ನು ಕೈಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿಯೇ ಛಾಪಾ ಕಾಗದದ ಮುಂದೆ ಕೂತಿದ್ದೆ. ಹಳೆಯ ಕರಾರು ನೋಡಿಕೊಂಡು ಬರೆಯುತ್ತಾ ಆ ಸಾಲಿಗೆ ಬಂದಾಗ ಪೆನ್ನು ನಿಂತಿತು. ಲಾರಿ ನೆನಪಾಯಿತು. ಅದರ ಹಿಂದೆಯೇ ನೀಲಂ ಹಣ್ಣಿನ ರುಚಿಯೂ ನೆನಪಾಯಿತು. ಬರೆದೆ. ಆದರೆ ನಾನು ಆ ಕಂಪನಿಯವರಷ್ಟು ಕಟುಕಳಲ್ಲ ನೋಡಿ, ಎಚ್ಚರಿಕೆ ಕೊಡೋಣವೆಂದು, "ಚಲಪತೀ, ಪೂರ್ತಿ ಓದಿ ಆಮೇಲೆ ಸೈನ್ ಹಾಕಪ್ಪ" ಎಂದೆ.

"ಪರವಾಲೇದಮ್ಮಾ, ಇರ್ಲಿ ಬಿಡಿ," ಎಂದು ನಕ್ಕ ಚಲಪತಿ, "ಮೇಡಮ್ಮೋರು ನೀವು ಬರ್ದಿದ್ಮೇಲೆ ನಾನು ಓದೋದೇನೈತೆ?" ಕಾಗದವನ್ನು ಸರ್ರನೆ ತಿರುಗಿಸಿ ಕೊನೆಯಲ್ಲಿ ಸಹಿ ಹಾಕಿದ.

ನಾನು ಕರಾರನ್ನು ಮಡಿಸಿ ಬೀರುವಿನಲ್ಲಿಟ್ಟು ಬಂದು, ಚಲಪತಿಗೆ ಕಾಫಿ ಮಾಡಿಕೊಟ್ಟೆ. ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದ್ದೆ.